ಹಾಜರಿ ಕರೆಯುವ ಯಂತ್ರ

ಇಪ್ಪತ್ತೊಂದು ವರ್ಷಗಳಿಂದ ನಾನು ಕಾಲೇಜಿನಲ್ಲಿ ಕನ್ನಡ ಪಾಠ ಹೇಳುತ್ತಿದ್ದೇನೆ. ಹೇಳಿದ ಪಾಠ ಎಷ್ಟು ಮಕ್ಕಳ ತಲೆಗೆ ಹತ್ತಿತೋ ದೇವರೇ ಬಲ್ಲ. ಆದರೆ ಒಂದು ಕೆಲಸವನ್ನು ಮಾತ್ರ ಒಂದು ದಿನವೂ ತಪ್ಪದೆ ಮಾಡಿದ್ದೇನೆಂದು ಎದೆ ತಟ್ಟಿಕೊಂಡು ಹೇಳಬಲ್ಲೆ. ಅದು ಹಾಜರಿ ಕರೆಯುವುದು. ರನ್ನನ ದುರ್ಯೋಧನ ವೈಶಂಪಾಯನ ಸರೋವರದಲ್ಲಿ ಅಡಗಿ ಕುಳಿತಿದ್ದರೂ ಸರಿಯೆ, ಮೊದಲು ಹಾಜರಿ. ಆಮೇಲೆ ಭೀಮ ಬಂದು ಅವನನ್ನು ಹೊರಕ್ಕೆ ಕರೆಯಬೇಕು. ತೊಂಬತ್ತು ಹುಡುಗರ ತರಗತಿಯಲ್ಲಿ ಒಂದರಿಂದ ತೊಂಬತ್ತರವರೆಗೆ ಕೂಗಿ ಮುಗಿಸುವಷ್ಟರಲ್ಲಿ ಐದಾರು ನಿಮಿಷ ಕಳೆಯುತ್ತದೆ. ಅದನ್ನು ವ್ಯರ್ಥವಾದ ಹೊತ್ತೆಂದು ನಾನು ಎಂದೂ ಭಾವಿಸಿದವನಲ್ಲ. ಪಾಠ ಹೇಗೆ ಪ್ರಾರಂಭಿಸಬೇಕೆಂದು ಯೋಚಿಸುವುದು ಆ ಐದಾರು ನಿಮಿಷಗಳಲ್ಲೇ.

ಇಂಥ ನನ್ನನ್ನು ಎರಡು ವರ್ಷಗಳ ಹಿಂದೆ ನಮ್ಮ ಪ್ರಾಂಶುಪಾಲರು ಕಾಲೇಜಿನ ಗಣಕ ಸಮಿತಿಯ ಸಂಚಾಲಕನನ್ನಾಗಿ ಮಾಡಿಬಿಟ್ಟರು. ಅದುವರೆಗೆ ಆ ಸ್ಥಾನದಲ್ಲಿದ್ದ ಭೌತಶಾಸ್ತ್ರದ ಮೇಷ್ಟರು ನಿವೃತ್ತರಾಗಿದ್ದರು. "ಸಾರ್, ನನಗೂ ಕಂಪ್ಯೂಟರಿಗೂ ಏನು ಸಂಬಂಧ?" ಎಂದೆ. "ಸಂಬಂಧವಿಲ್ಲದವರೇ ಬೇಕು. ನೀವಾದರೆ ನಿಷ್ಪಕ್ಷಪಾತವಾಗಿ ಇರ್ತೀರಿ" ಎಂದರು. ಅಜ್ಞಾನಕ್ಕೆ ಇಷ್ಟು ಮರ್ಯಾದೆಯ ಹೆಸರು ಇನ್ನೊಂದು ಸಿಕ್ಕೀತೆ? ಒಪ್ಪಿಕೊಂಡೆ.

ಸಮಿತಿಯೆಂದರೆ ನಾನು ಮತ್ತು ಒಬ್ಬ ಹುಡುಗ. ಹುಡುಗನೆಂದರೆ ನಮ್ಮ ಕಾಲೇಜಿನಲ್ಲೇ ಓದಿ, ನನ್ನ ಕೈಯಲ್ಲೇ ಕನ್ನಡದಲ್ಲಿ ಮೂವತ್ತೆಂಟು ಅಂಕ ಪಡೆದು, ಈಗ ನಮ್ಮ ಕಾಲೇಜಿನ ಜಾಲವನ್ನು ನೋಡಿಕೊಳ್ಳುತ್ತಿರುವವನು. ಜಾಲದಲ್ಲಿ ಏನೇನಿದೆಯೆಂದು ಅವನು ಎಣಿಸಿ ತೋರಿಸಿದಾಗ ನನಗೆ ಗಾಬರಿಯಾಯಿತು. ಕಚೇರಿ, ಗ್ರಂಥಾಲಯ, ಪ್ರಯೋಗಶಾಲೆಗಳು, ಹಾಸ್ಟೆಲು, ಗೇಟಿನ ಕ್ಯಾಮರಾ ಎಲ್ಲ ಸೇರಿ ನೂರನಾಲ್ವತ್ತು ಯಂತ್ರಗಳು! ಯಾವುದು ಬದುಕಿದೆ, ಯಾವುದು ಸತ್ತಿದೆ ಎಂದು ತಿಳಿಯುವ ಉಪಾಯ ಒಂದೇ ಇತ್ತು. ಯಾರಾದರೂ ಬಂದು ಬೈಯುವವರೆಗೆ ಕಾಯುವುದು.

ಆ ಹುಡುಗ ತಂದು ನಿಲ್ಲಿಸಿದ್ದು ಜ್ಯಾಬಿಕ್ಸ್ ಎಂಬ ತಂತ್ರಾಂಶವನ್ನು. ಲಾಟ್ವಿಯಾ ದೇಶದ ಅಲೆಕ್ಸಿ ವ್ಲಾದಿಶೆವ್ ಎಂಬವರು 1998ರಲ್ಲಿ, ತಾವು ಕೆಲಸಕ್ಕಿದ್ದ ಬ್ಯಾಂಕಿನ ಉಪಯೋಗಕ್ಕೆಂದು ಬರೆಯತೊಡಗಿ, 2001ರಲ್ಲಿ ಯಾರು ಬೇಕಾದರೂ ಬಳಸಬಹುದೆಂದು ಲೋಕಕ್ಕೆ ಬಿಟ್ಟುಕೊಟ್ಟದ್ದು ಅದು. ಅದರ ಕೆಲಸವೇನು ಎಂದು ಕೇಳಿದೆ. ಹುಡುಗ ಸ್ವಲ್ಪ ಯೋಚಿಸಿ, "ನೀವು ಮಾಡೋದೇ ಸಾರ್. ಎಲ್ಲಾ ಯಂತ್ರಕ್ಕೂ ಹಾಜರಿ ಕರೆಯೋದು" ಎಂದ. ಮೂವತ್ತೆಂಟು ಅಂಕ ಕೊಟ್ಟದ್ದು ಕಡಮೆಯಾಯಿತೇನೋ ಎಂದು ಆಗ ಅನ್ನಿಸಿತು.

ಯಂತ್ರಗಳಿಗೆ ಹಾಜರಿ ಕರೆಯುವ ಪದ್ಧತಿ ಹೊಸದೇನಲ್ಲ. ಅಮೆರಿಕದ ಮೈಕ್ ಮ್ಯೂಸ್ 1983ರ ಡಿಸೆಂಬರಿನಲ್ಲಿ ಪಿಂಗ್ ಎಂಬ ಚಿಕ್ಕ ಪ್ರೋಗ್ರಾಂ ಬರೆದರು. ಜಲಾಂತರ್ಗಾಮಿಗಳನ್ನು ಹುಡುಕಲು ನೀರೊಳಗೆ ಸದ್ದು ಕಳಿಸಿ ಪ್ರತಿಧ್ವನಿಗೆ ಕಿವಿಗೊಡುತ್ತಾರಲ್ಲ, ಆ ಸದ್ದಿನ ಹೆಸರೇ ಅದಕ್ಕೆ. ಒಂದು ಯಂತ್ರ "ಇದ್ದೀಯಾ?" ಎನ್ನುತ್ತದೆ, ಇನ್ನೊಂದು "ಇದ್ದೇನೆ" ಎನ್ನುತ್ತದೆ. 1988ರ ಹೊತ್ತಿಗೆ ಎಸ್‌ಎನ್‌ಎಂಪಿ ಎಂಬ ಸಂಭಾಷಣೆಯ ರೀತಿಯೂ ಬಂತು. ಅದರಲ್ಲಿ "ಇದ್ದೀಯಾ?" ಎನ್ನುವುದಲ್ಲದೆ "ಹೇಗಿದ್ದೀಯಾ? ಮೈ ಬಿಸಿಯಾಗಿದೆಯಾ? ಹೊರೆ ಎಷ್ಟಿದೆ?" ಎಂದೂ ಕೇಳಬಹುದು.

ಜ್ಯಾಬಿಕ್ಸಿನ ಒಳಗೆ ಈ ಕೆಲಸಕ್ಕೆ ಒಂದು ಸಂಸಾರವೇ ಇದೆ. ಹುಡುಗ ಅವನ್ನು ಪ್ರೋಸೆಸ್‌ಗಳು ಎನ್ನುತ್ತಾನೆ. ನಾನು ಜವಾನರು ಎಂದು ಕರೆದುಕೊಂಡೆ. ಸುತ್ತಿ ಕೇಳಿಬರುವ ಜವಾನನಿಗೆ ಪೋಲರ್ ಎಂದು ಹೆಸರು. ನಾವೇನೂ ಹೇಳದಿದ್ದರೆ ಅಂಥವರು ಐದು ಜನ. ಕುಳಿತಲ್ಲೇ ಕುಳಿತು, ಯಂತ್ರಗಳು ತಾವಾಗಿ ತಂದೊಪ್ಪಿಸುವ ಸುದ್ದಿಯನ್ನು ತೆಗೆದುಕೊಳ್ಳುವವನು ಟ್ರ್ಯಾಪರ್. ಬಂದ ಉತ್ತರಗಳನ್ನೆಲ್ಲ ಉಗ್ರಾಣದ ಲೆಕ್ಕಕ್ಕೆ ಏರಿಸುವ ಶಾನುಭೋಗರು ನಾಲ್ವರು. ಅಪಾಯವಾದರೆ ಊರೆಲ್ಲ ಕೇಳುವಂತೆ ಸಾರುವ ಡಂಗುರದವರು ಮೂವರು. ಇವರೆಲ್ಲರ ಹಿಂದೆ, ಗಂಟೆಗೊಂದು ಸಲ ಎದ್ದು ಹಳೆಯ ಲೆಕ್ಕಗಳನ್ನು ಗುಡಿಸಿ ಹಾಕುವ ಮನೆವಾರ್ತೆಯವನು ಒಬ್ಬ. ಅವನ ವಿಷಯ ನನಗೆ ಬಹಳ ಹಿಡಿಸಿತು. ದಿನಗಳು ಕಳೆದಂತೆ ಅವನು ನಿಮಿಷನಿಮಿಷದ ವಿವರವನ್ನು ಎಸೆದುಬಿಡುತ್ತಾನೆ. ಉಳಿಯುವುದು ಗಂಟೆಗೊಂದು ಸಾಲು. ಆ ಗಂಟೆಯ ಕನಿಷ್ಠ, ಗರಿಷ್ಠ, ಸರಾಸರಿ. ಇಪ್ಪತ್ತು ವರ್ಷದ ಹಿಂದಿನ ಶಿಷ್ಯರು ನನ್ನ ನೆನಪಿನಲ್ಲಿ ಉಳಿದಿರುವುದೂ ಹೀಗೆಯೇ: ತೀರ ಜಾಣ, ತೀರ ತುಂಟ, ಮಿಕ್ಕವರೆಲ್ಲ ಸರಾಸರಿ.

ಅದಿರಲಿ. ಜವಾನರು ಕೆಲಸಕ್ಕೆ ಹತ್ತಿದರು; ನನ್ನ ನಿದ್ದೆ ಹೋಯಿತು. ಡಂಗುರದವರು ಸಾರುತ್ತಿದ್ದದ್ದು ನನ್ನ ಮೊಬೈಲಿಗೆ. ರಾತ್ರಿ ಹನ್ನೊಂದಕ್ಕೆ "ಗ್ರಂಥಾಲಯದಿಂದ ಸುದ್ದಿಯಿಲ್ಲ". ಹನ್ನೊಂದೂ ಎರಡಕ್ಕೆ "ಗ್ರಂಥಾಲಯ ಕುಶಲ". ಹನ್ನೆರಡಕ್ಕೆ "ಹಾಸ್ಟೆಲಿನಿಂದ ಸುದ್ದಿಯಿಲ್ಲ". ಅದರ ಬೆನ್ನಿಗೇ ಹಾಸ್ಟೆಲಿನ ಹನ್ನೆರಡು ಯಂತ್ರಗಳೂ ಒಂದೊಂದಾಗಿ ತಮ್ಮ ಮರಣವಾರ್ತೆಯನ್ನು ತಿಳಿಸುವುವು. ಬೆಳಗ್ಗೆ ಹೋಗಿ ನೋಡಿದರೆ ಎಲ್ಲವೂ ಗುಂಡುಕಲ್ಲಿನಂತೆ ಇರುತ್ತಿದ್ದವು. ವಾರ ಕಳೆಯುವಷ್ಟರಲ್ಲಿ ನನ್ನಾಕೆ ಮೊಬೈಲನ್ನು ಅಡುಗೆಮನೆಯ ಅಕ್ಕಿಡಬ್ಬಿಯೊಳಗೆ ಮಲಗಿಸುವ ಏರ್ಪಾಡು ಮಾಡಿದಳು. "ತೋಳ ಬಂತು ತೋಳ" ಎಂಬ ಕಥೆಯನ್ನು ಎಷ್ಟು ಸಲ ಹೇಳಿರುವೆನೋ! ಅದರಲ್ಲಿ ತಪ್ಪು ಕುರಿ ಕಾಯುವ ಹುಡುಗನದೆಂದೇ ನಾನು ತಿಳಿದಿದ್ದೆ. ಮಲಗಿದ್ದ ಊರವರ ಕಷ್ಟ ಆಗ ಅರ್ಥವಾಯಿತು.

ತೋಳ ಬಂದದ್ದು ಒಂದು ಶನಿವಾರ ರಾತ್ರಿ. ಕಚೇರಿಯ ಮುಖ್ಯ ಸ್ವಿಚ್ಚು ನಿಜವಾಗಿಯೇ ಸುಟ್ಟುಹೋಯಿತು. ಡಂಗುರದವನು ಪ್ರಾಮಾಣಿಕವಾಗಿ ಸಾರಿದ. ಕೇಳಿಸಿಕೊಂಡದ್ದು ಅಕ್ಕಿ ಮಾತ್ರ. ಸೋಮವಾರ ವಿಶ್ವವಿದ್ಯಾಲಯಕ್ಕೆ ಆಂತರಿಕ ಅಂಕಗಳನ್ನು ಕಳಿಸುವ ಕೊನೆಯ ದಿನ. ಅಧ್ಯಾಪಕರೆಲ್ಲ ಅಂಕಪಟ್ಟಿ ಹಿಡಿದು ಬಸ್ ನಿಲ್ದಾಣದ ಎದುರಿನ ಕಂಪ್ಯೂಟರ್ ಅಂಗಡಿಯ ಮುಂದೆ ಸಾಲುಗಟ್ಟಿ ನಿಂತರು. ಪ್ರಾಂಶುಪಾಲರು ನನ್ನನ್ನು ಏನೂ ಅನ್ನಲಿಲ್ಲ, ನೋಡಿದರು. ಅಂದಿದ್ದರೆ ಚೆನ್ನಾಗಿತ್ತು.

ಅಂದು ಸಂಜೆ ನಾನೂ ಹುಡುಗನೂ ಯಂತ್ರದ ಮುಂದೆ ಕುಳಿತೆವು. "ಇದನ್ನ ಟ್ಯೂನ್ ಮಾಡಬೇಕು ಸಾರ್. ಟ್ಯೂನ್‌ಗೆ ಕನ್ನಡದಲ್ಲಿ ಏನಂತಾರೆ?" ಎಂದು ಕೇಳಿದ. "ಶ್ರುತಿ ಮಾಡುವುದು" ಎಂದೆ. ನನ್ನ ಸೋದರತ್ತೆಯ ಮನೆಯಲ್ಲಿ ಒಂದು ತಂಬೂರಿ ಇತ್ತು. ಅತ್ತೆ ಹಾಡುವುದಕ್ಕಿಂತ ಹೆಚ್ಚು ಹೊತ್ತು ಅದರ ಬಿರಡೆಗಳನ್ನು ತಿರುವುತ್ತಿದ್ದರು. ಒಂದು ತಂತಿಯನ್ನು ಕೂಡಿಸಿ, ಮೀಟಿ, ಕಿವಿಗೊಟ್ಟು ಕೇಳಿ, ಆಮೇಲೆ ಇನ್ನೊಂದರ ಬಿರಡೆಗೆ ಕೈ ಹಾಕುವರು. ನಾವು ಮಕ್ಕಳು ಎರಡು ಬಿರಡೆಗಳನ್ನು ಒಟ್ಟಿಗೆ ತಿರುವಿದರೆ ಬೆರಳಿನ ಗೆಣ್ಣಿಗೆ ಏಟು ಬೀಳುತ್ತಿತ್ತು.

ಹುಡುಗನಿಗೆ ಅಂಥ ಅತ್ತೆ ಇರಲಿಲ್ಲವೆಂದು ತೋರುತ್ತದೆ. "ಜವಾನರು ಐದೇ ಜನ, ಸಾಲದು" ಎಂದು ಒಂದೇ ಏಟಿಗೆ ನೂರು ಮಾಡಿಬಿಟ್ಟ. ಕಡತದಲ್ಲಿ ಒಂದು ಸಾಲು ತಿದ್ದಿ ಯಂತ್ರವನ್ನು ಮತ್ತೆ ಹೊರಡಿಸಿದರಾಯಿತು, ಅಷ್ಟು ಸುಲಭ. ಹೊರಟದ್ದೇ ತಡ, ಎಲ್ಲವೂ ನಿಂತುಹೋಯಿತು. ಕಾರಣವಿಷ್ಟೆ: ಪ್ರತಿ ಜವಾನನೂ ಉಗ್ರಾಣಕ್ಕೆ ತನ್ನದೇ ಒಂದು ದಾರಿಯನ್ನು ಹಿಡಿದುಕೊಂಡು ನಿಲ್ಲುತ್ತಾನೆ. ನಮ್ಮ ಉಗ್ರಾಣ ಮೈಎಸ್‌ಕ್ಯುಎಲ್. ಅದು ತಾನಾಗಿ ಬಿಡುವ ದಾರಿಗಳು 151. ಗ್ರಂಥಾಲಯದ ಪುಸ್ತಕಪಟ್ಟಿಯೂ ಕಚೇರಿಯ ಲೆಕ್ಕವೂ ಅದೇ ಉಗ್ರಾಣವನ್ನು ನಂಬಿಕೊಂಡಿದ್ದವು. ಕೇಳಿಬರುವವರೇ ಬಾಗಿಲಿಗೆ ಅಡ್ಡ ನಿಂತರೆ ಧಾನ್ಯ ಒಳಗೆ ಹೋಗುವುದೆಲ್ಲಿಂದ? ಮತ್ತೆ ಐದಕ್ಕೆ ಇಳಿಸಿದೆವು. ನಾನು ಅವನ ಬೆರಳ ಗೆಣ್ಣನ್ನೊಮ್ಮೆ ನೋಡಿ ಸುಮ್ಮನಾದೆ.

ಆಮೇಲೆ ಅವನು ಒಂದು ನಕ್ಷೆಯನ್ನು ತೆರೆದು ತೋರಿಸಿದ. ಜ್ಯಾಬಿಕ್ಸ್ ಬೇರೆಯವರ ಹಾಜರಿಯನ್ನು ಕರೆಯುವುದಲ್ಲದೆ ತನ್ನ ಜವಾನರ ಹಾಜರಿಯನ್ನೂ ಇಟ್ಟಿರುತ್ತದೆ. ಯಾರು ಎಷ್ಟು ಹೊತ್ತು ಕೆಲಸದಲ್ಲಿದ್ದರು, ಎಷ್ಟು ಹೊತ್ತು ಬಿಡುವಾಗಿದ್ದರು ಎಂಬ ಲೆಕ್ಕ. ಪೋಲರುಗಳ ಗೆರೆ ನೂರರ ಮೇಲೆ ಹಾವಿನಂತೆ ಮಲಗಿತ್ತು. "75 ದಾಟಿದರೇ ಎಚ್ಚರಿಕೆ ಕೊಡುತ್ತೆ ಸಾರ್" ಎಂದ. ಎಪ್ಪತ್ತೈದು! ಹಾಜರಿ ಶೇಕಡಾ 75ಕ್ಕೆ ಕಡಮೆಯಾದರೆ ಹುಡುಗರನ್ನು ಪರೀಕ್ಷೆಗೆ ಕೂರಿಸುವಂತಿಲ್ಲ. ಇಲ್ಲಿ 75ಕ್ಕೆ ಹೆಚ್ಚಾದರೆ ಅಪಾಯ. "ನೂರಕ್ಕೆ ನೂರು ದುಡಿಯುವ ಜವಾನ ಸಿಕ್ಕಿದರೆ ನಮ್ಮ ಪ್ರಾಂಶುಪಾಲರು ಹಾರ ಹಾಕುತ್ತಾರಲ್ಲಯ್ಯಾ, ಇದರಲ್ಲಿ ತಪ್ಪೇನು?" ಎಂದು ಕೇಳಿದೆ.

ತಪ್ಪೇನೆಂದು ಮೊದಲು ಲೆಕ್ಕ ಹಾಕಿ ತೋರಿಸಿದವರಲ್ಲಿ ಕೋಪನ್‌ಹೇಗನ್ನಿನ ಟೆಲಿಫೋನ್ ಕಂಪನಿಯಲ್ಲಿದ್ದ ಎರ್ಲಾಂಗ್ ಮುಖ್ಯರು. ಅವರ ಮೊದಲ ಲೇಖನ 1909ರದು. ಅವರ ದಾರಿಯಲ್ಲಿ ಬೆಳೆದ ಶಾಸ್ತ್ರ ಹೇಳುವುದು ಹೀಗೆ: ಒಬ್ಬನೇ ಗುಮಾಸ್ತನಿದ್ದಾನೆ, ಜನ ಹೇಳಿಕೇಳಿ ಬರುವುದಿಲ್ಲ, ಕೆಲಸಗಳೂ ಒಂದೇ ಅಳತೆಯವಲ್ಲ. ಅವನಿಗೆ ಅರ್ಧ ಹೊತ್ತು ಕೆಲಸವಿದ್ದರೆ, ಬಂದವನು ಸರಾಸರಿ ಒಂದು ಕೆಲಸದಷ್ಟು ಹೊತ್ತು ಕಾಯುತ್ತಾನೆ. ಮುಕ್ಕಾಲು ಹೊತ್ತು ಕೆಲಸವಿದ್ದರೆ ಮೂರರಷ್ಟು. ಹತ್ತರಲ್ಲಿ ಒಂಬತ್ತು ಪಾಲು ಕೆಲಸವಿದ್ದರೆ ಒಂಬತ್ತರಷ್ಟು. ನೂರಕ್ಕೆ ಮುಟ್ಟಿದರೆ ಸಾಲಿಗೆ ಕೊನೆಯೇ ಇಲ್ಲ. ಬ್ಯಾಂಕು, ತಾಲ್ಲೂಕು ಕಚೇರಿಗಳಲ್ಲಿ ನಿಂತು ಸವೆದ ನಮಗೆ ಇದು ತಿಳಿಯದ್ದಲ್ಲ. ಬಿಡುವೂ ಕೆಲಸದ ಒಂದು ಭಾಗವೆಂದು ಯಾರೂ ಹೇಳಿರಲಿಲ್ಲ, ಅಷ್ಟೆ.

ನಮ್ಮ ಸುಳ್ಳು ಕೂಗುಗಳ ಮೂಲವೂ ಅಲ್ಲಿಯೇ ಇತ್ತು. "ಎರಡು ನಿಮಿಷ ಸುದ್ದಿ ಬರದಿದ್ದರೆ ಸಾರು" ಎಂದು ನಾವು ಡಂಗುರದವನಿಗೆ ಅಪ್ಪಣೆ ಕೊಟ್ಟಿದ್ದೆವು. ಜವಾನರು ಸುತ್ತಿ ಬರುವುದಕ್ಕೇ ಮೂರು ನಾಲ್ಕು ನಿಮಿಷ ಹಿಡಿಯುತ್ತಿತ್ತು. ಗ್ರಂಥಾಲಯದ ಯಂತ್ರ ಬಾಯಿ ತೆರೆದು ಕುಳಿತೇ ಇತ್ತು. ಅದನ್ನು ಯಾರೂ ಕೇಳಿರಲಿಲ್ಲ. ಕೇಳುವವನು ತಾನೇ ತಡಮಾಡಿ, ಉತ್ತರ ಬರಲಿಲ್ಲವೆಂದು ಊರಿಗೆಲ್ಲ ಸಾರುತ್ತಿದ್ದ!

ಅವರಿಗೇಕೆ ಅಷ್ಟು ತಡ? ಹುಡುಗ ಕಡತದಲ್ಲಿ ಬೆರಳಿಟ್ಟು ತೋರಿಸಿದ ಸಾಲನ್ನು ನೋಡಿ ನನ್ನ ಮುಖ ಚಿಕ್ಕದಾಯಿತು. ಬಾಗಿಲು ತಟ್ಟಿದ ಮೇಲೆ ಉತ್ತರಕ್ಕೆ ಎಷ್ಟು ಹೊತ್ತು ಕಾಯಬೇಕು ಎಂಬ ಸಾಲು ಅದು. ಮೂಲದಲ್ಲಿ ಮೂರು ಸೆಕೆಂಡು ಇತ್ತು. ಗ್ರಂಥಾಲಯದ ಹಳೆಯ ಯಂತ್ರವೊಂದು ನಿಧಾನವಾಗಿ ಉತ್ತರಿಸುತ್ತದೆಂದು ತಿಳಿದಾಗ, "ಪಾಪ, ಅದಕ್ಕೂ ಅವಕಾಶ ಕೊಡಯ್ಯ" ಎಂದು ಅದನ್ನು ಮೂವತ್ತು ಮಾಡಿಸಿದ್ದವನು ನಾನು. ಅದಕ್ಕಿಂತ ಹೆಚ್ಚು ಕಾಯಲು ಅಲ್ಲಿ ಅವಕಾಶವೇ ಇಲ್ಲ. ಲೆಕ್ಕ ಹಾಕಿ ನೋಡಿ: ರಾತ್ರಿ ಪ್ರಯೋಗಶಾಲೆ, ಹಾಸ್ಟೆಲುಗಳಲ್ಲಿ ಆರಿಸಿಟ್ಟ ಯಂತ್ರಗಳು ಸುಮಾರು ನಲವತ್ತು. ಒಬ್ಬ ಜವಾನ ಒಂದು ಮುಚ್ಚಿದ ಬಾಗಿಲ ಮುಂದೆ ಮೂವತ್ತು ಸೆಕೆಂಡು ನಿಂತರೆ ನಿಮಿಷಕ್ಕೆ ಎರಡು ಬಾಗಿಲು. ಐದು ಜನಕ್ಕೆ ಹತ್ತು. ನಲವತ್ತು ಮುಗಿಯಲು ನಾಲ್ಕು ನಿಮಿಷ. ಅಷ್ಟು ಹೊತ್ತೂ ಎಚ್ಚರವಾಗಿದ್ದ ನೂರು ಯಂತ್ರಗಳು ತಮ್ಮ ಸರದಿಗಾಗಿ ಕಾಯುತ್ತಿದ್ದವು. ನನ್ನ ಕರುಣೆಯ ಫಲ ಇದು. 2024ರಲ್ಲಿ ಬಂದ 7.0ನೆಯ ಆವೃತ್ತಿಯಲ್ಲಿ, ಎಸ್‌ಎನ್‌ಎಂಪಿ ಮೊದಲಾದ ಬಗೆಗಳಲ್ಲಿ, ಒಬ್ಬನೇ ಜವಾನ ಸಾವಿರ ಬಾಗಿಲನ್ನು ಒಟ್ಟಿಗೆ ತಟ್ಟಿ, ಉತ್ತರ ಬಂದಂತೆ ಬಂದಂತೆ ಎತ್ತಿಕೊಳ್ಳಬಲ್ಲನಂತೆ. ನಮ್ಮದು ಅದಕ್ಕಿಂತ ಹಳೆಯದು. ನನ್ನ ಹಾಗೆ, ಒಂದು ನಂಬರು ಕರೆದು ಅದರ ಉತ್ತರ ಬರುವವರೆಗೆ ಮುಂದಿನದಕ್ಕೆ ಹೋಗದು.

ಅತ್ತೆಯ ವಿಧಾನದಲ್ಲಿ ಶ್ರುತಿ ಮಾಡಲು ಕುಳಿತೆವು. ದಿನಕ್ಕೊಂದೇ ಬಿರಡೆ. ಮೊದಲ ದಿನ ಕಾಯುವ ಹೊತ್ತನ್ನು ನಾಲ್ಕು ಸೆಕೆಂಡಿಗೆ ಇಳಿಸಿ ನಕ್ಷೆ ನೋಡಿದೆವು. ಹಾವು ಹೆಡೆ ತಗ್ಗಿಸಿತ್ತು. ಎರಡನೆಯ ದಿನ ಯಾರನ್ನು ಎಷ್ಟು ಸಲ ಕೇಳಬೇಕೆಂದು ಒಂದು ಪಟ್ಟಿ ಮಾಡಿದೆವು. ಪ್ರಾಂಶುಪಾಲರ ಕೋಣೆಯ ಪ್ರಿಂಟರನ್ನು ಅರ್ಧ ನಿಮಿಷಕ್ಕೊಮ್ಮೆ "ಮಸಿ ಇದೆಯಾ?" ಎಂದು ಕೇಳುತ್ತಿದ್ದದ್ದು ಆಗ ಬೆಳಕಿಗೆ ಬಂತು, ಗಂಟೆಗೊಂದು ಸಲ ಸಾಕೆಂದು ತೀರ್ಮಾನಿಸಿದೆವು. ಮೂರನೆಯ ದಿನ ಐದು ಜವಾನರನ್ನು ಹನ್ನೆರಡು ಮಾಡಿದೆವು, ನೂರಲ್ಲ. ನಾಲ್ಕನೆಯ ದಿನ ಡಂಗುರದವನಿಗೆ ಬುದ್ಧಿ ಹೇಳಿದೆವು: ಒಂದು ಸಲ ಉತ್ತರ ಬರದಿದ್ದರೆ ಸಾರಬೇಡ, ಸತತವಾಗಿ ಮೂರು ಸಲ ಬರದಿದ್ದರೆ ಸಾರು; ಹಾಸ್ಟೆಲಿನ ಸ್ವಿಚ್ಚೇ ನಿಂತರೆ ಅದರ ಹಿಂದಿನ ಹನ್ನೆರಡು ಯಂತ್ರಗಳ ಹೆಸರು ಹಿಡಿದು ಅಳಬೇಡ, ಮನೆ ಯಜಮಾನನ ಸುದ್ದಿಯೊಂದನ್ನೇ ಹೇಳು. ವಾರದ ಕೊನೆಗೆ ಗೆರೆ ಮೂವತ್ತರ ಆಸುಪಾಸಿನಲ್ಲಿ ಉಸಿರಾಡುತ್ತಿತ್ತು. ಮೊಬೈಲು ಅಕ್ಕಿಡಬ್ಬಿಯಿಂದ ಹೊರಬಂತು.

ಇಷ್ಟಕ್ಕೇ ಮುಗಿದಿದ್ದರೆ ಇದನ್ನು ಬರೆಯುತ್ತಿರಲಿಲ್ಲ. ಐದನೆಯ ದಿನ ಹುಡುಗ, "ಇನ್ನೊಬ್ಬ ಜವಾನ ಉಳಿದ ಸಾರ್" ಎಂದ. ಅವನು ತಲುಪದವರನ್ನು ಕೇಳುವವನು. ಎಸ್‌ಎನ್‌ಎಂಪಿಯಲ್ಲಿ ಮಾತಾಡುವ ಯಂತ್ರವೊಂದು ಉತ್ತರ ಕೊಡದೆ ಹೋದರೆ, ಸುತ್ತುವ ಜವಾನರು ಅದಕ್ಕಾಗಿ ಮತ್ತೆ ನಿಲ್ಲುವುದಿಲ್ಲ. ಅದನ್ನು ಇವನ ಕೈಗೆ ಒಪ್ಪಿಸಿ ಮುಂದೆ ಹೋಗುತ್ತಾರೆ. ಇವನು ಹದಿನೈದು ಸೆಕೆಂಡಿಗೊಮ್ಮೆ ಅದನ್ನು ಕೇಳುತ್ತಾನೆ. ನಲವತ್ತೈದು ಸೆಕೆಂಡಾದರೂ ಉತ್ತರವಿಲ್ಲದಿದ್ದರೆ "ಸಿಗುತ್ತಿಲ್ಲ" ಎಂದು ಬರೆದುಕೊಂಡು, ನಿಮಿಷಕ್ಕೊಮ್ಮೆ ಕೇಳತೊಡಗುತ್ತಾನೆ. "ಆಮೇಲೆ?" ಎಂದೆ. "ಆಮೇಲೇನಿಲ್ಲ ಸಾರ್, ಕೇಳ್ತಾನೇ ಇರ್ತಾನೆ." "ಎಷ್ಟು ದಿನ?" "ನಾವು ಪಟ್ಟಿಯಿಂದ ತೆಗೆಯೋವರೆಗೂ." ಅಂಥವನು ಒಬ್ಬನೇ ಇದ್ದ, ಮೂವರನ್ನು ಮಾಡಿದೆವು.

ಆ ರಾತ್ರಿ ಮೊಬೈಲು ಸದ್ದು ಮಾಡಲಿಲ್ಲ; ಆದರೂ ನನಗೆ ನಿದ್ದೆ ಬರಲಿಲ್ಲ. ಎದ್ದು ದೀಪ ಹಾಕಿ ಹಾಜರಿ ಪುಸ್ತಕ ತೆರೆದೆ. ಎರಡನೆಯ ವರ್ಷದ ಬಿ.ಎ. ತರಗತಿಯಲ್ಲಿ ನಲವತ್ತಮೂರನೆಯ ನಂಬರು ಒಂದು ಹುಡುಗಿಯದು. ಅದುವರೆಗೆ ನಲವತ್ತೊಂದು ತರಗತಿಗಳಾಗಿದ್ದವು. ಮೊದಲ ಇಪ್ಪತ್ತೇಳಕ್ಕೆ ಒಂದೂ ತಪ್ಪದೆ ಬಂದಿದ್ದಳು. ಅಲ್ಲಿಂದ ಮುಂದೆ ಸಾಲಾಗಿ ಹದಿನಾಲ್ಕು ಸಲ ಗೈರು. ಹದಿನಾಲ್ಕು ದಿನವೂ "ನಲವತ್ತಮೂರು" ಎಂದು ನಾನು ಕರೆದಿದ್ದೆ. ಹದಿನಾಲ್ಕು ದಿನವೂ ಉತ್ತರ ಬಾರದೆ ಗೀಟು ಹಾಕಿ "ನಲವತ್ತನಾಲ್ಕು" ಎಂದಿದ್ದೆ. ಅವಳ ಮುಖವೇ ಸರಿಯಾಗಿ ನೆನಪಾಗಲಿಲ್ಲ. ಸುತ್ತುವ ಜವಾನ ಮುಂದೆ ಹೋದದ್ದು ತಪ್ಪಲ್ಲ. ಮಿಕ್ಕ ಎಂಬತ್ತೊಂಬತ್ತು ಜನರನ್ನು ಕಾಯಿಸುವಂತಿಲ್ಲ. ಆದರೆ ನನ್ನ ಪುಸ್ತಕದಲ್ಲಿ ತಲುಪದವರನ್ನು ಕೇಳುವವನು ಒಬ್ಬನೂ ಇರಲಿಲ್ಲ.

ಬೆಳಗ್ಗೆ ಕಚೇರಿಯಿಂದ ನಂಬರು ಪಡೆದು ಅವಳ ಮನೆಗೆ ಫೋನು ಮಾಡಿದೆ. ತಂದೆ ಎತ್ತಿ, ಮೇಷ್ಟರೆಂದು ತಿಳಿದು ಗಾಬರಿಯಾಗಿ, ಮಗಳ ಕೈಗೆ ಕೊಟ್ಟರು. ತಾಯಿಗೆ ಶಸ್ತ್ರಚಿಕಿತ್ಸೆಯಾಗಿತ್ತಂತೆ, ಮನೆ, ದನಕರು ನೋಡಿಕೊಳ್ಳಲು ಒಂದು ವಾರ ಉಳಿದಳಂತೆ. "ಮತ್ತೆ ಆಮೇಲೆ ಯಾಕಮ್ಮ ಬರಲಿಲ್ಲ?" ಎಂದೆ. ಸ್ವಲ್ಪ ಹೊತ್ತು ಮಾತಿಲ್ಲ. ನಾನು ಕಾದೆ, ನಾಲ್ಕು ಸೆಕೆಂಡಿಗಿಂತ ಖಂಡಿತ ಹೆಚ್ಚಾಗಿತ್ತು. "ಅಷ್ಟು ದಿನ ಬಿಟ್ಟಮೇಲೆ ಬರೋಕೆ ಒಂಥರಾ ಆಯ್ತು ಸಾರ್. ಯಾರಾದ್ರೂ ಕೇಳಿದ್ರೆ ಬರ್ತಿದ್ದೆ" ಎಂದಳು.

ಫೋನು ಇಟ್ಟು ಲೆಕ್ಕ ಹಾಕಿದೆ. ಒಟ್ಟು ಅರವತ್ತು ತರಗತಿಗಳು, ಮುಕ್ಕಾಲೆಂದರೆ ನಲವತ್ತೈದು. ಉಳಿದಿದ್ದದ್ದು ಹತ್ತೊಂಬತ್ತು. ಎಲ್ಲಕ್ಕೂ ಬಂದರೆ ನಲವತ್ತಾರು. ಒಂದನ್ನು ತಪ್ಪಿಸಬಹುದು, ಎರಡನ್ನಲ್ಲ. ನಾನು ಇನ್ನೊಂದು ವಾರ ತಡಮಾಡಿ ಫೋನು ಮಾಡಿದ್ದರೆ ಅದೂ ಇಲ್ಲ. ಇನ್ನೊಂದು ವಿಷಯದಲ್ಲಿ ಲೆಕ್ಕ ಆಗಲೇ ಕೈಮೀರಿತ್ತು. ಆ ಪತ್ರಿಕೆಯನ್ನು ಅವಳು ಮುಂದಿನ ವರ್ಷ ಬರೆಯಬೇಕಾಯಿತು. ಆ ಒಂದು ವರ್ಷದಲ್ಲಿ ನನ್ನ ಪಾಲೆಷ್ಟು ಎಂಬುದನ್ನು ತೋರಿಸುವ ನಕ್ಷೆ ಯಾವ ತಂತ್ರಾಂಶದಲ್ಲೂ ಇಲ್ಲ. ನನ್ನ ವಿಷಯದಲ್ಲಿ ಮಾತ್ರ ಅವಳು ಹತ್ತೊಂಬತ್ತಕ್ಕೆ ಹತ್ತೊಂಬತ್ತೂ ಬಂದಳು.

ಈಗ ನನ್ನ ಹಾಜರಿ ಪುಸ್ತಕದ ಕೊನೆಯಲ್ಲಿ ಒಂದು ಬೇರೆ ಹಾಳೆ ಇದೆ. ಸತತವಾಗಿ ಮೂರು ದಿನ ಉತ್ತರ ಕೊಡದವರ ನಂಬರು ಅಲ್ಲಿಗೆ ಹೋಗುತ್ತದೆ. ಸಂಜೆ ಒಂದು ಗಳಿಗೆ ಕುಳಿತು ಅವರ ಮನೆಗಳಿಗೆ ಫೋನು ಮಾಡುತ್ತೇನೆ. ಕೆಲವರು ಎತ್ತುವುದಿಲ್ಲ, ಮರುದಿನ ಮತ್ತೆ ಮಾಡುತ್ತೇನೆ. ಮೊನ್ನೆ ಒಬ್ಬ ಹುಡುಗನ ತಾಯಿ, "ಅವನು ದಿನಾ ಕಾಲೇಜಿಗೇ ಅಂತ ಹೋಗ್ತಾನಲ್ಲ ಸ್ವಾಮಿ!" ಎಂದರು. ಅವನೀಗ ನನ್ನನ್ನು ಕಂಡರೆ ದಾರಿ ಬದಲಿಸುತ್ತಾನೆ. ಆದರೂ ತರಗತಿಗೆ ಬರುತ್ತಿದ್ದಾನೆ.

ನಮ್ಮ ಗಣಕದ ಹುಡುಗ ಆ ಹಾಳೆಯನ್ನು ನೋಡಿ, "ಸಾರ್, ಇದನ್ನೂ ಕಂಪ್ಯೂಟರಿಗೆ ಹಾಕಿಬಿಡಲಾ? ತಾನೇ ಮೆಸೇಜು ಕಳಿಸುತ್ತೆ" ಎಂದ. ಬೇಡವೆಂದೆ. ಆ ಮೆಸೇಜನ್ನು ಹಿಡಿದಿಡಲು ಅವರ ಮನೆಗಳಲ್ಲೂ ಅಕ್ಕಿಡಬ್ಬಿಗಳಿರುತ್ತವೆ.